ಮುತ್ಯಾಲಮ್ಮನ ಬಲಗಡೆ ಹೂವು

ನಮ್ಮ ಮನೆಯಲ್ಲಿ ಬುದ್ಧಿ ಕೇಳುವವರು ಒಬ್ಬರಿದ್ದರೆ ಹೇಳುವವರು ಮನೆ ತುಂಬ. ಆ ಹೇಳುವವರ ಸಾಲಿನಲ್ಲಿ ಮೊದಲು ನಿಲ್ಲುವವಳು ನಾನೇ, ಅದರಲ್ಲಿ ಮುಚ್ಚಿಡುವುದೇನಿದೆ? ಬಂಗಾರಪೇಟೆಯ ಪ್ರೈಮರಿ ಸ್ಕೂಲಿನಲ್ಲಿ ಹತ್ತೊಂಬತ್ತು ವರ್ಷದಿಂದ ಮಕ್ಕಳ ಕಿವಿ ಹಿಂಡಿ ಅಕ್ಷರ ಕಲಿಸುತ್ತಿರುವ ನರಸಮ್ಮ ಟೀಚರು ನಾನು. ಸಣ್ಣ ವಯಸ್ಸಿಗೇ ಗಂಡ ತೀರಿಕೊಂಡ ಮೇಲೆ ಟ್ರೈನಿಂಗ್ ಮುಗಿಸಿ ನನ್ನ ಕಾಲ ಮೇಲೆ ನಾನು ನಿಂತೆ. ಅಂಥವಳು ಮಾತಾಡುವಾಗ ಮಿಕ್ಕವರು ಸುಮ್ಮನಿರಬೇಕು ಅನ್ನುವುದು ನನ್ನ ನಂಬಿಕೆ. ಮಿಕ್ಕವರ ನಂಬಿಕೆ ಬೇರೆ ಇದ್ದರೆ ಅದು ಅವರ ಕರ್ಮ.

ಅರವತ್ತೊಂದನೇ ಇಸವಿ ಜೂನ್ ತಿಂಗಳಲ್ಲಿ ಮಾರಿಕುಪ್ಪಂನಿಂದ ತಮ್ಮ ಕುಪ್ಪುಸ್ವಾಮಿಯ ಕಾರ್ಡು ಬಂತು. ಅವನ ಮಗಳು ಕದಿರಮ್ಮನಿಗೆ, ನಮ್ಮ ಕದಿರಿಗೆ, ಆಗ ಹದಿನೈದು. ಹೈಸ್ಕೂಲಿನ ಕೊನೆಯ ಎರಡು ವರ್ಷಕ್ಕೆ ಯಾವ ವಿಷಯ ತೆಗೆದುಕೊಳ್ಳುತ್ತಾಳೆ ಅಂತ ಸೋಮವಾರದೊಳಗೆ ಬರೆದು ಕೊಡಬೇಕಂತೆ. ಒಂದು ಕಡೆ ಚರಿತ್ರೆ, ಭೂಗೋಳ, ಅರ್ಥಶಾಸ್ತ್ರ. ಇನ್ನೊಂದು ಕಡೆ ಫಿಸಿಕ್ಸು, ಕೆಮಿಸ್ಟ್ರಿ, ಗಣಿತ. ಅದಕ್ಕೆ ಎಲ್ಲರೂ ಪಿ.ಸಿ.ಎಂ. ಅನ್ನುತ್ತಿದ್ದರು. ಒಂದು ಸಲ ಬರೆದುಕೊಟ್ಟರೆ ಮತ್ತೆ ಬದಲಾಯಿಸುವ ಹಾಗಿಲ್ಲ. ನಮಗೆ ತಿಳಿಯೋದಿಲ್ಲ ಅಕ್ಕ, ನೀನೇ ಬಂದು ಆರಿಸು ಅಂತ ಬರೆದಿದ್ದ.

ಭಾನುವಾರ ಬೆಳಿಗ್ಗೆ ರೈಲಿನಲ್ಲಿ ಕಿಟಕಿ ಪಕ್ಕ ಕೂತಾಗಲೇ ನಾನು ಆರಿಸಿ ಮುಗಿಸಿದ್ದೆ. ಚರಿತ್ರೆ. ಚರಿತ್ರೆ ಓದಿದರೆ ಪಾಸು ಖಂಡಿತ, ಪಾಸಾದರೆ ಟ್ರೈನಿಂಗ್, ಆಮೇಲೆ ನನ್ನ ಹಾಗೆ ಟೀಚರು. ಇದಕ್ಕಿಂತ ಒಳ್ಳೆಯದು ಹೆಣ್ಣುಮಗಳಿಗೆ ಏನು ಬೇಕು? ಚೀಲದಲ್ಲಿ ಹುಡುಗಿಗೆ ಎರಡು ಹೊಸ ನೋಟುಬುಕ್ಕು, ಅವ್ವನಿಗೆ ಎಲೆಅಡಿಕೆ, ಜೊತೆಗೆ ಕಾಪಿ ತಿದ್ದುವ ನನ್ನ ಕೆಂಪು ಪೆನ್ಸಿಲು. ಆ ಪೆನ್ಸಿಲು ಬಿಟ್ಟು ನಾನು ಹೊಸಲು ದಾಟುವುದಿಲ್ಲ. ಅಂಗಡಿ ಬೋರ್ಡಿನಲ್ಲಿ ತಪ್ಪು ಕಂಡರೂ ನನಗೆ ಕೈ ತುರಿಸುತ್ತದೆ.

ಕುಪ್ಪುಸ್ವಾಮಿ ಚಿನ್ನದ ಗಣಿಯ ಒಳಗೆ, ಬಂಡೆ ಕುಸಿಯದ ಹಾಗೆ ಮರದ ದಿಮ್ಮಿ ಆನಿಸಿ ನಿಲ್ಲಿಸುವ ಕೆಲಸದವನು. ಗಣಿಯವರು ಕೆಲಸಗಾರರಿಗೆ ಸಾಲಾಗಿ ಕಟ್ಟಿಸಿಕೊಟ್ಟ ಲೈನಿನ ಮನೆ. ಒಂದು ಕೋಣೆ, ಒಂದು ಅಡಿಗೆಮೂಲೆ, ಮುಂದೆ ಒಂದು ಗೇಣು ಜಗಲಿ. ಆ ಜಗಲಿಯಲ್ಲಿ ನಮ್ಮವ್ವ ಅಕ್ಕಯ್ಯಮ್ಮ ಗೋಡೆಗೆ ಒರಗಿ ಕೂತು ಲೈನಿನ ನ್ಯಾಯವನ್ನೆಲ್ಲ ತೀರಿಸುತ್ತಿದ್ದಳು. ನಾನು ಚಪ್ಪಲಿ ಬಿಡುವ ಮೊದಲೇ ತೀರ್ಮಾನ ಹೇಳಿದೆ. ಕುಪ್ಪುಸ್ವಾಮಿ ತಲೆಯಾಡಿಸಿದ. ಕದಿರಿ ನೀರು ತಂದುಕೊಟ್ಟು, ನಕ್ಕು, ನೀವು ಹೇಳಿದ ಹಾಗೆ ಅತ್ತೆ ಅಂದು ಒಳಗೆ ಹೋದಳು. ಎಂಥ ವಿಧೇಯ ಹುಡುಗಿ ಅಂದುಕೊಂಡೆ. ಹತ್ತೊಂಬತ್ತು ವರ್ಷ ಮಕ್ಕಳ ನಡುವೆ ಇದ್ದವಳಿಗೆ, ಎದುರು ಮಾತಾಡದ ಮಗುವಿನ ಮೇಲೇ ಕಣ್ಣಿಡಬೇಕು ಅನ್ನುವುದು ಗೊತ್ತಿರಬೇಕಿತ್ತು.

ಒಲೆ ಮುಂದೆ ಕೂತಿದ್ದ ಅವಳ ತಾಯಿ ಆದಿಲಕ್ಷ್ಮಮ್ಮ ತಗ್ಗಿದ ದನಿಯಲ್ಲಿ ನಿಜ ಹೇಳಿದಳು. ಹುಡುಗಿಗೆ ಬೇಕಾಗಿರುವುದು ಪಿ.ಸಿ.ಎಂ. ಒಂದೇ ಒಂದು ಸಲ ಬಾಯಿಬಿಟ್ಟು ಅಪ್ಪನನ್ನು ಕೇಳಿದಳಂತೆ. ಆ ಕ್ಲಾಸಿನಲ್ಲಿ ಮೂವತ್ತೆಂಟು ಜನ, ಎಲ್ಲ ಹುಡುಗರೇ, ಅವರ ಮಧ್ಯೆ ನೀನೊಬ್ಬಳು ಹೇಗೆ ಕೂರುತ್ತೀಯ ಅಂದನಂತೆ ಕುಪ್ಪುಸ್ವಾಮಿ. ಅವತ್ತಿನಿಂದ ಹುಡುಗಿ ಆ ಮಾತು ಎತ್ತಿಲ್ಲ, ಆದರೆ ತಟ್ಟೆಯಲ್ಲಿ ಅರ್ಧ ಮುದ್ದೆ ಹಾಗೇ ಉಳಿಯುತ್ತಿದೆ ಅಂದಳು. ಮುದ್ದೆ ಬಿಟ್ಟವರೆಲ್ಲ ಫಿಸಿಕ್ಸು ಓದಬೇಕು ಅಂತಿದ್ದರೆ ನನ್ನ ಸ್ಕೂಲಿನಲ್ಲಿ ಅರ್ಧ ಮಕ್ಕಳು ಓದಬೇಕಾಗುತ್ತದೆ ಅಂತ ಹೇಳಿ ಅವಳ ಬಾಯಿ ಮುಚ್ಚಿಸಿದೆ.

ನಾನು ಗೆದ್ದೆ ಅಂದುಕೊಳ್ಳುವಾಗಲೇ ಜಗಲಿಯಿಂದ ಅವ್ವನ ದನಿ ಬಂತು. ಮಗುವಿನ ಬಾಳಿನ ವಿಷಯ, ಅಮ್ಮೋರನ್ನು ಒಂದು ಮಾತು ಕೇಳದೆ ಹೇಗೆ ಬರೆದುಕೊಡುತ್ತೀರಿ ಅಂದಳು.

ಲೈನಿನ ಕೊನೆಯಲ್ಲಿ ಮುತ್ಯಾಲಮ್ಮನ ಗುಡಿ ಇದೆ. ಮದುವೆಯಾಗಲಿ, ಹಸು ಕೊಳ್ಳುವುದಾಗಲಿ, ನಮ್ಮವರು ಮೊದಲು ಅಲ್ಲಿ ಹೂವು ಕೇಳುತ್ತಾರೆ. ಅಮ್ಮೋರ ಎರಡು ಭುಜಕ್ಕೂ ಒಂದೊಂದು ಒದ್ದೆ ಹೂವು ಅಂಟಿಸಿ, ಮನಸ್ಸಿನಲ್ಲಿದ್ದುದನ್ನು ಕೇಳಿ, ಎದುರಿಗೆ ಕೂರಬೇಕು. ಅಮ್ಮೋರ ಬಲಗಡೆ ಹೂವು ಮೊದಲು ಬಿದ್ದರೆ ಆಗಲಿ ಅಂತ, ಎಡಗಡೆಯದು ಬಿದ್ದರೆ ಬೇಡ ಅಂತ. ಪೂಜಾರಿ ಚಿಕ್ಕಮುನಿಯಪ್ಪನೂ ಗಣಿಯವನೇ. ಕೆಳಗೆ ಅದಿರಿನ ಗಾಡಿ ತಳ್ಳಿ, ಮೊದಲನೇ ಶಿಫ್ಟು ಮುಗಿಸಿ, ಮೈ ತೊಳೆದುಕೊಂಡು ಬಂದು ಸಂಜೆ ಗುಡಿ ಬಾಗಿಲು ತೆಗೆಯುತ್ತಾನೆ. ಅಮ್ಮೋರು ಬೇರೆ ಪೂಜಾರಿಗಳನ್ನು ಗಂಟೆಗಟ್ಟಲೆ ಕಾಯಿಸುತ್ತಾಳೆ, ನನ್ನನ್ನು ಮಾತ್ರ ಕಾಯಿಸುವುದಿಲ್ಲ ಅಂತ ಅವನಿಗೆ ಜಂಬ.

ಇದೆಲ್ಲ ಮೂಢನಂಬಿಕೆ ಅಂತ ನಾನು ಒಂದು ಸಣ್ಣ ಭಾಷಣ ಮಾಡಿದೆ. ಅವ್ವ ಎಲೆಗೆ ಸುಣ್ಣ ಹಚ್ಚುತ್ತ ಪೂರ್ತಿ ಕೇಳಿ, ಆಯಿತಲ್ಲ, ಇನ್ನು ತಟ್ಟೆಗೆ ಹೂವಿಡು ಅಂದಳು. ನಾನು ಒಪ್ಪಿದೆ, ಆದರೆ ಎರಡು ಷರತ್ತು ಹಾಕಿದೆ. ಚರಿತ್ರೆ ಆಗಬಹುದೇ ಅಂತಲೇ ಕೇಳಬೇಕು, ಮತ್ತೆ ಹೂವಿನ ತಟ್ಟೆ ನಾನೇ ಹಿಡಿಯಬೇಕು. ಅಷ್ಟು ಹೇಳಿದ ಮೇಲೆ ಕದಿರಿ ಒಂದು ಗಳಿಗೆ ನನ್ನ ಮುಖ ನೋಡಿದಳು, ಒಳಗೆ ಹೋಗಿ ಏನೋ ಬರೆದುಕೊಂಡು ಬಂದಳು. ಮನೆಪಾಠ ಇರಬೇಕು ಅಂದುಕೊಂಡೆ.

ಸಂಜೆ ಗುಡಿಗೆ ಹೋದೆವು. ಕೆಂಪು ಕಣಗಿಲೆ ಹೂವನ್ನು ನೀರಿನಲ್ಲಿ ಅದ್ದಿ ಪೂಜಾರಿಯ ಕೈಗೆ ಕೊಡುವುದು ತಟ್ಟೆ ಹಿಡಿದವರ ಕೆಲಸ. ಬಲಗಡೆಗೆ ಕೊಟ್ಟ ಹೂವನ್ನು ನೀರಿಗೆ ತೋರಿಸಿದೆ ಅಷ್ಟೇ. ಎಡಗಡೆಯದಕ್ಕೆ ಮಾತ್ರ, ಸೆರಗಿನ ಮರೆಯಲ್ಲಿ, ಬೆನ್ನಿಗೆ ಗುಲಗಂಜಿಯಷ್ಟು ಅರಿಶಿನದ ಮುದ್ದೆ ಮೆತ್ತಿದೆ. ಬೆಳಿಗ್ಗೆ ಮೂಢನಂಬಿಕೆಯ ಮೇಲೆ ಭಾಷಣ ಮಾಡಿದವಳು ಸಂಜೆ ದೇವರಿಗೇ ಕೈ ಹಿಡಿದು ಬರೆಸಲು ಹೊರಟಿದ್ದೆ. ಆಗ ನನಗೆ ಅದು ತಪ್ಪು ಅನ್ನಿಸಲಿಲ್ಲ. ದೇವರಿಗೆ ಎಷ್ಟು ಜನರ ಯೋಚನೆ ಇರುತ್ತದೆ, ನಾನು ಒಂದಿಷ್ಟು ನೆರವಾದೆ ಅಂದುಕೊಂಡೆ.

ಐದು ನಿಮಿಷ ಆಗಿರಲಿಲ್ಲ, ಬಲಗಡೆ ಹೂವು ಪಟ್ಟನೆ ಬಿತ್ತು. ಎಡಗಡೆಯದು ಅಲುಗಲೂ ಇಲ್ಲ. ಚಿಕ್ಕಮುನಿಯಪ್ಪ ಮೀಸೆ ತಿರುವಿ ಗಂಟೆ ಬಾರಿಸಿದ. ಕುಪ್ಪುಸ್ವಾಮಿ ಕೈ ಮುಗಿದ. ಅವ್ವ ಮಾತ್ರ ಬಿದ್ದ ಹೂವನ್ನೂ ಬೀಳದ ಹೂವನ್ನೂ ನೋಡಿ, ಆಮೇಲೆ ನನ್ನನ್ನು ನೋಡಿ, ಇವತ್ತು ಭಾನುವಾರ ಅಲ್ಲವಾ ಅಂತ ಕೇಳಿದಳು. ಹೌದು ಅಂದೆ. ಹೂಂ ಅಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನಾನು ಸೆರಗಿಗೆ ಅರಿಶಿನ ಅಂಟಿದೆಯಾ ಅಂತ ನೋಡಿಕೊಂಡೆ. ಕದಿರಿಯ ಮುಖದಲ್ಲಿ ಏನೂ ಕಾಣಲಿಲ್ಲ. ಬಿದ್ದ ಹೂವನ್ನು ಕಣ್ಣಿಗೊತ್ತಿಕೊಂಡು ಮುಡಿದುಕೊಂಡಳು.

ಮನೆಗೆ ಬಂದು, ವಿಷಯ ಬರೆಯುವ ಹಾಳೆ ತಾ ಅಂದೆ. ಕದಿರಿ ತಂದಿಟ್ಟಳು. ಬರೆಯುವ ಮೊದಲು ಅವಳ ಚರಿತ್ರೆಯ ನೋಟುಬುಕ್ಕು ತರಿಸಿದೆ, ಈಗಿನಿಂದಲೇ ತಯಾರು ಮಾಡೋಣ ಅಂತ. ಅವಳು ನೀರು ಸೇದಲು ಹೋದಳು. ಮುಂದಿನಿಂದ ನಾಲ್ಕು ಹಾಳೆ ಚರಿತ್ರೆ ಇತ್ತು, ಆಮೇಲೆ ಖಾಲಿ. ಹಿಂದಿನಿಂದ ತೆರೆದರೆ ಹಾಳೆ ಹಾಳೆಯೂ ಗೆರೆ ಎಳೆದು ಮನೆ ಮಾಡಿ ತುಂಬಿಸಿದ್ದಳು. ತಾರೀಖು, ವಾರ, ಗಾಳಿ, ದೀಪ ಯಾವ ಕಡೆ, ಯಾವ ಹೂವು ಬಿತ್ತು, ಎಷ್ಟು ಹೊತ್ತಿಗೆ, ಏನು ಕಾರಣ. ಅವ್ವ ಅವಳನ್ನು ದೀಪಕ್ಕೆ ಎಣ್ಣೆ ಕೊಟ್ಟು ದಿನಾ ಸಂಜೆ ಗುಡಿಗೆ ಕಳಿಸುತ್ತಿದ್ದಳು, ಅಲ್ಲಿ ಯಾರು ಹೂವು ಕೇಳಲು ಬಂದರೂ ಈ ಹುಡುಗಿ ಮೂಲೆಯಲ್ಲಿ ಕೂತು ಬರೆದುಕೊಂಡಿದ್ದಾಳೆ. ದಸರಾದಿಂದ ಜೂನಿನವರೆಗೆ ಎಪ್ಪತ್ತಮೂರು ಸಲ.

ಒಂದು ಹಾಳೆಯ ಕೆಳಗೆ ಗೆರೆ ಹೊಡೆದು ಹೀಗೆ ಬರೆದಿದ್ದಳು. ಕೆಲಸದ ದಿನ ಹೂವು ಹತ್ತು ನಿಮಿಷದಲ್ಲಿ ಬೀಳುತ್ತದೆ. ಭಾನುವಾರ ಒಂದು ಗಂಟೆ ಬೇಕು. ಕಾರಣ: ಚಿಕ್ಕಮುನಿಯಪ್ಪನವರು ಬಾಗಿಲು ತೆಗೆಯುವ ಹೊತ್ತಿಗೆ ಕೆಳಗೆ ಮದ್ದು ಸಿಡಿಸುತ್ತಾರೆ, ನೆಲ ನಡುಗುತ್ತದೆ. ಭಾನುವಾರ ಮದ್ದು ಇಲ್ಲ.

ನಾನು ಬಾಯಿ ಮೇಲೆ ಕೈ ಇಟ್ಟುಕೊಂಡೆ. ಚಿಕ್ಕಮುನಿಯಪ್ಪನ ಜಂಬ, ಅವ್ವನ ಭಾನುವಾರ, ಎರಡನ್ನೂ ಒಂದೇ ಸಾಲಿನಲ್ಲಿ ಬಿಡಿಸಿಟ್ಟಿದ್ದಳು. ನಲವತ್ತು ವರ್ಷದಿಂದ ಈ ಲೈನಿನವರೆಲ್ಲ ಆ ನಡುಕದ ಮೇಲೇ ಮಲಗಿ ಎದ್ದಿದ್ದೇವೆ, ಒಬ್ಬರಿಗಾದರೂ ಹೊಳೆದಿರಲಿಲ್ಲ.

ಕೊನೆಯ ಸಾಲಿನಲ್ಲಿ ಅವತ್ತಿನ ತಾರೀಖು ಇತ್ತು. ಬೆಳಿಗ್ಗೆಯೇ ಬರೆದದ್ದು. ‘ಬೀಳುವುದು: ಬಲ. ಭಾನುವಾರವಾದರೂ ಬೇಗ ಬೀಳುತ್ತದೆ. ಕಾರಣ: ಅತ್ತೆ.’

ಕಾರಣ ಅಂತ ಬರೆದ ಕಡೆ ಎಪ್ಪತ್ತಮೂರು ಸಲ ಗಾಳಿ, ದೀಪ, ಮದ್ದು ಅಂತಿದ್ದದ್ದು ಎಪ್ಪತ್ತನಾಲ್ಕನೇ ಸಲ ನಾನಾಗಿದ್ದೆ. ಮೊದಲು ನಗು ಬಂತು. ಆಮೇಲೆ ಮುಖ ಬಿಸಿಯಾಯಿತು. ಲೋವರ್ ಸೆಕೆಂಡರಿ ಪರೀಕ್ಷೆಯಲ್ಲಿ ಲೆಕ್ಕದಲ್ಲಿ ಎರಡು ಸಲ ನಪಾಸಾಗಿ, ಮೂರನೇ ಸಲಕ್ಕೆ ಹೇಗೋ ದಡ ಸೇರಿದವಳು ನಾನು. ಇದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಜ್ವರ ಬಂತು, ಪರೀಕ್ಷೆಗೆ ಕೂರಲಿಲ್ಲ ಅಂದಿದ್ದೆ. ಫಲಿತಾಂಶದ ಹಲಗೆಯ ಮುಂದೆ ನಿಂತು ನನ್ನ ನಂಬರು ಹುಡುಕಿದ ಆ ಎರಡು ಬೆಳಗನ್ನು ನಾನು ಮರೆತಿಲ್ಲ. ನನ್ನ ತಮ್ಮನ ಮಗಳು ಹಾಗೆ ನಿಲ್ಲಬಾರದು ಅಂತಲೇ ಚರಿತ್ರೆ ಅಂದದ್ದು. ಹೆದರಿಕೆ ನನ್ನದು, ಅದನ್ನು ಅವಳ ತಲೆಗೆ ಕಟ್ಟಲು ಹೊರಟಿದ್ದೆ.

ಕದಿರಿ ಕೊಡ ಇಳಿಸಿ ಒಳಗೆ ಬಂದು, ನನ್ನ ಕೈಯಲ್ಲಿದ್ದ ಪುಸ್ತಕ ಯಾವ ಕಡೆಯಿಂದ ತೆರೆದಿದೆ ಅಂತ ನೋಡಿ ನಿಂತುಬಿಟ್ಟಳು. ನಾನು ದನಿ ತಗ್ಗಿಸಿ ಕೇಳಿದೆ.

“ಬೆಳಿಗ್ಗೇನೇ ಗೊತ್ತಿತ್ತಲ್ಲೇ ನಿಂಗೆ. ಅರಿಶಿನ ಮೆತ್ತೋದೂ ಕಂಡಿರ್ತೀಯ. ಒರಸಿ ಆಕಬೋದಾಗಿತ್ತು, ಯಾಕೆ ಸುಮ್ಕಿದ್ದೆ?”

ಅವಳು ಸೀರೆಯ ಒದ್ದೆ ಅಂಚು ಹಿಂಡುತ್ತ ನಿಧಾನವಾಗಿ ಹೇಳಿದಳು.

“ನಾನು ಕೈ ಆಕಿದ್ರೆ ಲೆಕ್ಕ ಕೆಟ್ಟೋಗ್ತದೆ ಅತ್ತೆ.”

ಅಷ್ಟೇ. ಅಳಲಿಲ್ಲ, ನನ್ನನ್ನು ಬೈಯಲೂ ಇಲ್ಲ. ತನಗೆ ಬೇಕಾದ ಓದು ಕೈಬಿಟ್ಟು ಹೋದರೂ ಪರವಾಗಿಲ್ಲ, ಆ ಪಟ್ಟಿಯಲ್ಲಿ ಸುಳ್ಳು ಸೇರಬಾರದು ಅಂತ ಕೂತಿದ್ದ ಹುಡುಗಿಯ ಎದುರಿಗೆ ನಾನು, ಅರಿಶಿನದ ಉಗುರಿನವಳು, ಹಾಳೆ ಪೆನ್ನು ಹಿಡಿದು ಕೂತಿದ್ದೆ. ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಎದ್ದು ಜಗಲಿಗೆ ಹೋದೆ. ಕುಪ್ಪುಸ್ವಾಮಿಯೂ ಅಲ್ಲೇ ಕೂತು ಬೀಡಿ ಸೇದುತ್ತಿದ್ದ.

“ಅವ್ವಾ, ಎಡಗಡೆ ಊವಿಗೆ ಅರಿಶಿನ ಮೆತ್ತಿದ್ದು ನಾನು.”

ಹತ್ತೊಂಬತ್ತು ವರ್ಷದ ಟೀಚರು ತಪ್ಪೊಪ್ಪಿಕೊಂಡರೆ ಆಕಾಶ ಕಳಚಿ ಬೀಳುತ್ತದೆ ಅಂದುಕೊಂಡಿದ್ದೆ. ಅವ್ವ ಎಲೆಯ ತೊಟ್ಟು ಮುರಿದು ಪಕ್ಕಕ್ಕಿಟ್ಟಳು.

“ಗೊತ್ತು ಬುಡು. ಬಾನುವಾರ ಅಮ್ಮೋರು ಅಷ್ಟು ಬೇಗ ಮಾತಾಡಿದ್ದು ನಾನು ಕಂಡೇ ಇಲ್ಲ. ನೀನಾಗಿ ಬಾಯಿ ಬುಡ್ತೀಯೇನೋ ನೋಡಾನ ಅಂತ ಸುಮ್ಕಿದ್ದೆ. ಲೆಕ್ದಾಗೆ ಎರ್ಡು ಸಲ ಪೇಲಾದಾಗ ಬುಡ್ಲಿಲ್ಲ ನೋಡು, ಜ್ವರ ಅಂದ್ಬುಟ್ಟೆ.”

ಇಪ್ಪತ್ತೈದು ವರ್ಷ ನಾನು ಜೋಪಾನವಾಗಿ ಮುಚ್ಚಿಟ್ಟ ಗುಟ್ಟು ಇದು. ಅದು ಎಲ್ಲರಿಗೂ ಗೊತ್ತು ಅನ್ನುವುದು ಗೊತ್ತಿಲ್ಲದಿದ್ದವಳು ನಾನೊಬ್ಬಳೇ ಅಂತ ಕಾಣುತ್ತದೆ. ಒಳಗೆ ಒಲೆ ಮುಂದೆ ಆದಿಲಕ್ಷ್ಮಮ್ಮ ಕೆಮ್ಮಿದಳು. ಹೊಗೆಗೆ ಬರುವ ಕೆಮ್ಮು ಅದಾಗಿರಲಿಲ್ಲ.

ನಾನು ನೋಟುಬುಕ್ಕನ್ನು ಕುಪ್ಪುಸ್ವಾಮಿಯ ಕೈಗೆ ಕೊಟ್ಟೆ. ಅವನು ಓದುವುದು ನಿಧಾನ, ಬೆರಳಿಟ್ಟು ಸಾಲು ಸಾಲಾಗಿ ಓದುತ್ತಾನೆ. ಮದ್ದಿನ ಮಾತು ಬಂದಾಗ ನಕ್ಕ. ‘ಕಾರಣ: ಅತ್ತೆ’ ಇನ್ನೂ ದೂರ ಇತ್ತು. ನಡುವೆ ಒಂದು ಕಡೆ ಅವನ ಬೆರಳು ನಿಂತಿತು, ಬೀಡಿ ಆರಿದ್ದೂ ಗೊತ್ತಾಗಲಿಲ್ಲ. ನಾನು ಬಗ್ಗಿ ನೋಡಿದೆ. ‘ಮಾರ್ಚ್ ಹತ್ತು, ಶುಕ್ರವಾರ. ಎರಡೂ ಹೂವು ಒಟ್ಟಿಗೆ ಬಿದ್ದವು. ಮದ್ದಿನ ಸದ್ದಲ್ಲ, ಬಂಡೆ ಸದ್ದು. ಅಪ್ಪ ಎರಡನೇ ಶಿಫ್ಟು, ಕೆಳಗೆ ಇದ್ದಾರೆ.’ ಅದರ ಕೆಳಗೆ ಬೇರೆ ಶಾಯಿಯಲ್ಲಿ, ‘ಹನ್ನೊಂದೂಕಾಲು. ಅಪ್ಪ ಬಂದರು.’

ಆ ದಿನ ಕೆಳಗೆ ಬಂಡೆ ಒಡೆದು ಇಬ್ಬರಿಗೆ ಪೆಟ್ಟಾಗಿತ್ತು, ನಾನು ಬಂಗಾರಪೇಟೆಯಲ್ಲಿ ಕೇಳಿದ್ದೆ. ತಾನು ಮನೆಗೆ ಬಂದಾಗ ಮಗಳು ಎದ್ದಿದ್ದಳು, ಏನೋ ಬರೆಯುತ್ತಿದ್ದಳು, ದೀಪ ಸುಮ್ಮನೆ ಉರಿಸಬೇಡ ಅಂತ ಗದರಿದೆ ಅಂದ ಕುಪ್ಪುಸ್ವಾಮಿ. ಆಮೇಲೆ ಆರಿದ ಬೀಡಿಯನ್ನು ಅಂಗಳಕ್ಕೆ ಎಸೆದು, ನೋಟುಬುಕ್ಕನ್ನು ಜೋಪಾನವಾಗಿ ಮುಚ್ಚಿದ.

“ಮೂವತ್ತೆಂಟು ಉಡುಗ್ರು ಅಂತ ಅಂಜ್ಕೊಂಡೆ ಅಕ್ಕ,” ಅಂದ. “ಕೆಳಗೆ ನಾವು ಇನ್ನೂರು ಜನ ಗಂಡಸ್ರು ಇರ್ತೀವಿ. ಸದ್ದು ಕೇಳಿ ಇದು ಮದ್ದು, ಇದು ಬಂಡೆ ಅಂತ ಬಿಡಿಸಿ ಏಳೋರು ಇಬ್ರೋ ಮೂವರೋ. ಅವರ ಮಾತಿನ ಮೇಲೆ ನಮ್ಮ ಜೀವ ಇರ್ತದೆ. ಇವ್ಳು ಮೇಲೆ ಕೂತ್ಕೊಂಡೇ ಬಿಡಿಸವ್ಳೆ. ಇವ್ಳು ಕೇಳಿದ್ದೇ ಬರಿ.”

ಅಮ್ಮೋರನ್ನು ಇನ್ನೊಂದು ಸಲ ಕೇಳಬೇಡವೇ ಅಂತ ನಾನು ಅವ್ವನನ್ನು ಕೇಳಿದೆ. ಇನ್ನೊಂದು ಸಲ ಕೇಳುವುದಕ್ಕೆ ನಿನಗೆ ಮುಖ ಎಲ್ಲಿದೆ ಅಂದಳು ಅವ್ವ. ನಿನ್ನ ಬಾಯಿಂದ ತಪ್ಪು ಹೊರಡಿಸಿದ್ದಾಳಲ್ಲ, ಅದಕ್ಕಿಂತ ದೊಡ್ಡ ಪ್ರಸಾದ ಯಾವುದಿದೆ ಅಂತಲೂ ಸೇರಿಸಿದಳು. ಶುಕ್ರವಾರ ಬಂದು ತಪ್ಪುಕಾಣಿಕೆ ಒಪ್ಪಿಸಬೇಕು, ಗುಡಿಯ ಅರಿಶಿನದ ತಟ್ಟೆಗಳನ್ನೆಲ್ಲ ಹುಣಸೆಹಣ್ಣು ಹಾಕಿ ತಿಕ್ಕಿಕೊಡಬೇಕು, ಹೂವಿನ ತಟ್ಟೆಯನ್ನು ಮಾತ್ರ ಇನ್ನು ನಾನು ಈ ಜನ್ಮದಲ್ಲಿ ಮುಟ್ಟಬಾರದು ಅಂತ ತೀರ್ಪಾಯಿತು.

ಹಾಳೆಯ ಮೇಲೆ ಫಿಸಿಕ್ಸು, ಕೆಮಿಸ್ಟ್ರಿ, ಗಣಿತ ಅಂತ ನನ್ನ ಕೈಯಾರೆ ದುಂಡಗೆ ಬರೆದೆ. ಕುಪ್ಪುಸ್ವಾಮಿ ರುಜು ಮಾಡಿದ. ಆ ಸಂಜೆ ಕದಿರಿ ಎರಡು ಮುದ್ದೆ ಉಂಡಳು. ಮೂರನೆಯದಕ್ಕೆ ಕೈ ಚಾಚಿದಾಗ ಆದಿಲಕ್ಷ್ಮಮ್ಮ ನನ್ನ ಕಡೆ ನೋಡಿದಳು. ನಾನು ಸಾರಿನಲ್ಲಿ ಏನೋ ಹುಡುಕುವವಳ ಹಾಗೆ ತಲೆ ತಗ್ಗಿಸಿದೆ.

ಊಟವಾದ ಮೇಲೆ ನನ್ನನ್ನು ರಾತ್ರಿಯ ರೈಲಿಗೆ ಹತ್ತಿಸಲು ಕದಿರಿಯೂ ಅವಳ ಅಪ್ಪನೂ ಬಂದರು. ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತು ಅವಳು ಆ ನೋಟುಬುಕ್ಕು ತೆಗೆದು ಏನೋ ಬರೆದಳು. ಕೈಯಿಂದ ಮರೆ ಮಾಡಿಕೊಂಡೇ ಬರೆದಳು. ಟೀಚರಿಗೆ ಮರೆ ಮಾಡಿದರೆ ಬಿಡುತ್ತಾರೆಯೇ? ಕಿತ್ತುಕೊಂಡು ನೋಡಿದೆ. ಅವತ್ತಿನ ಸಾಲಿನ ಕೆಳಗೆ ಹೊಸ ಸಾಲು.

‘ಅತ್ತೆ ಎಂದಿಗೂ ಒಪ್ಪಿಕೊಳ್ಳುವುದಿಲ್ಲ ಅಂದುಕೊಂಡಿದ್ದೆ. ನನ್ನ ಲೆಕ್ಕ ತಪ್ಪಾಯಿತು.’

ರೈಲು ಕೂಗಿತು. ನಾನು ಚೀಲದಲ್ಲಿ ಕೈಯಾಡಿಸಿ ಕೆಂಪು ಪೆನ್ಸಿಲು ತೆಗೆದು, ಲೆಕ್ಕದಲ್ಲಿ ಎರಡು ಸಲ ನಪಾಸಾದ ಈ ಕೈಯಲ್ಲೇ ಆ ಸಾಲಿನ ಪಕ್ಕ ದೊಡ್ಡದಾಗಿ ಒಂದು ರೈಟ್ ಹಾಕಿ, ಪುಸ್ತಕವನ್ನು ಅವಳ ಮಡಿಲಿಗೆ ಹಾಕಿ ಗಾಡಿ ಹತ್ತಿದೆ.